ಮೊದಲು ಗುಂಡಿ, ಆಮೇಲೆ ಸಸಿ

ಮುಂಬಯಿಯಲ್ಲಿ ನಾಲ್ಕು ದಿನ ಇದ್ದವರಿಗೂ ‘ಸೆಟ್ ಹೋ ಜಾಯೇಗಾ’ ಎಂಬ ಮಾತಿನ ಪರಿಚಯವಿರುತ್ತದೆ. ಬಾಡಿಗೆ ಮನೆಯ ಗೋಡೆ ಒಸರುತ್ತಿದ್ದರೆ ದಲ್ಲಾಳಿ ಹೇಳುವ ಮಾತು ಅದು. ಹೊಸ ಶಾಲೆಯಲ್ಲಿ ಮಗು ಅಳುತ್ತಿದ್ದರೆ ಅಧ್ಯಾಪಕಿ ಹೇಳುವ ಮಾತೂ ಅದೇ. ಮೂರು ವರ್ಷಗಳ ಹಿಂದೆ ಒಂದು ಶನಿವಾರ ಸಂಜೆ, ಅಲಂಕಾರಿಕ ಮೀನುಗಳ ಅಂಗಡಿಯೊಂದರಲ್ಲಿ ನಿಂತು ನಾನು ಅದೇ ಮಾತನ್ನು ನಂಬಿದೆ. ಅಂಗಡಿಯಾತ ಎತ್ತಿ ಹಿಡಿದಿದ್ದ ಪಾಲಿಥೀನ್ ಚೀಲದೊಳಗೆ ಹರಿದ ಕಾಲುಚೀಲದಂಥ ಬೂದುಬಣ್ಣದ ಕೊಳವೆಯೊಂದಿತ್ತು. ಅದರ ಬಾಯಿಂದ ನೇರಳೆ ಎಳೆಗಳ ಒಂದು ಗೊಂಚಲು ಹೊರಚಾಚಿತ್ತು. ‘ನಮ್ಮ ತೊಟ್ಟಿಯಲ್ಲಿ ಮರಳು ಎರಡು ಇಂಚು ಮಾತ್ರ ಇದೆ, ಸಾಕೇ?’ ಎಂದು ಕೇಳಿದೆ. ‘ಸೆಟ್ ಹೋ ಜಾಯೇಗಾ, ಮೇಡಂ’ ಎಂದ. ಹಣ ಕೊಟ್ಟು ತಂದೆ. ಹನ್ನೊಂದನೆಯ ದಿನ ಆ ಜೀವದ ಉಳಿಕೆಯನ್ನು ಅಡುಗೆಮನೆಯ ಜರಡಿಯಲ್ಲಿ ಸೋಸಿ ತೆಗೆದೆ. ಆ ಜರಡಿಯನ್ನು ಮನೆಯಲ್ಲಿ ಮತ್ತೆ ಯಾರೂ ಬಳಸಲಿಲ್ಲ.

ಈ ಬರಹ ಆ ಒಂದು ಮಾತಿನೊಂದಿಗೆ ನನ್ನ ಜಗಳ. ಅಂಗಡಿಯಾತನೊಂದಿಗೆ ಜಗಳವಿಲ್ಲ. ಆತನದು ವ್ಯಾಪಾರ. ಕೇಳಿದ ಪ್ರಶ್ನೆಯಲ್ಲಿಯೇ ಉತ್ತರವಿದ್ದರೂ ಕೇಳಿಸಿಕೊಳ್ಳದವಳು ನಾನು.

ಮೊದಲು ಆ ಜೀವ ಯಾವುದೆಂದು ಹೇಳಬೇಕು. ಇಂಗ್ಲಿಷಿನಲ್ಲಿ ಅದು ಟ್ಯೂಬ್ ಅನಿಮೋನ್. ಕನ್ನಡದಲ್ಲಿ ಕೊಳವೆ ಅನಿಮೋನ್ ಎನ್ನೋಣ. ಹೆಸರಿನಲ್ಲಿ ಅನಿಮೋನ್ ಇದ್ದರೂ ಇದು ನಾವು ಚಿತ್ರಗಳಲ್ಲಿ ಕಾಣುವ ಕಡಲ ಹೂವಲ್ಲ. ಕಿತ್ತಳೆ ಬಣ್ಣದ ಕೋಡಂಗಿ ಮೀನನ್ನು ಮಡಿಲಲ್ಲಿಟ್ಟುಕೊಳ್ಳುವ ನಿಜ ಅನಿಮೋನುಗಳಿಗೆ ಅಗಲವಾದ ಪಾದವಿರುತ್ತದೆ; ಅದರಿಂದ ಅವು ಬಂಡೆಯನ್ನು ಹಿಡಿದು ನಿಲ್ಲುತ್ತವೆ. ಸೀರಿಯಾಂಥೇರಿಯಾ ಎಂಬ ಬೇರೆಯೇ ಗುಂಪಿಗೆ ಸೇರಿದ ಕೊಳವೆ ಅನಿಮೋನಿಗೆ ಪಾದವಿಲ್ಲ. ದೇಹದ ಕೆಳತುದಿ ಮೊನಚಾಗಿದ್ದು, ಕೆಸರನ್ನೋ ಮರಳನ್ನೋ ತೂರಿಕೊಂಡು ಇಳಿಯಲು ತಕ್ಕಂತಿದೆ. ಬಂಡೆ ಇದಕ್ಕೆ ಮನೆಯಲ್ಲ. ಆಳವಾದ ಮೆತ್ತನೆಯ ನೆಲವೇ ಮನೆ.

ಆ ನೆಲದೊಳಗೆ ಅದು ತನ್ನ ಕೊಳವೆಯನ್ನು ತಾನೇ ನೇಯುತ್ತದೆ. ಹವಳ, ಅನಿಮೋನು, ಲೋಳೆಮೀನುಗಳ ಬಳಗಕ್ಕೆಲ್ಲ ಕುಟುಕು ಕೋಶಗಳುಂಟು. ಬೇಟೆಯನ್ನು ಚುಚ್ಚಿ ಮರಗಟ್ಟಿಸುವುದು ಅವುಗಳ ಕೆಲಸ. ಕೊಳವೆ ಅನಿಮೋನಿಗೆ ಕುಟುಕುವ ಕೋಶಗಳ ಜೊತೆಗೆ ನೇಯುವ ಕೋಶಗಳೂ ಇವೆ. ಟೈಕೋಸಿಸ್ಟ್ ಎಂಬ ಹೆಸರಿನಿಂದ ಅವನ್ನು ಪ್ರತ್ಯೇಕ ಬಗೆಯಾಗಿ ವಿಜ್ಞಾನಿಗಳು ಗುರುತಿಸಿದ್ದು 1977ರಷ್ಟು ಈಚೆಗೆ. ಈ ಕೋಶಗಳು ಚಿಮ್ಮಿಸುವ ಅಂಟುನೂಲುಗಳು ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಅವುಗಳಿಗೆ ಲೋಳೆಯೂ ಮರಳ ಕಣಗಳೂ ಸೇರಿ ಕಂಬಳಿಯಂಥ ದಪ್ಪನೆಯ ಕೊಳವೆಯಾಗುತ್ತದೆ. ಕೆಲವು ಜಾತಿಗಳಲ್ಲಿ ಅದು ಒಂದು ಮೀಟರಿಗೂ ಉದ್ದ. ಅಪಾಯದ ಸುಳಿವು ಸಿಕ್ಕರೆ ಇಡೀ ದೇಹ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಜಾರುತ್ತದೆ. ಹೊರಗೆ ಚಾಚುವ ಎಳೆಗಳಲ್ಲಿ ಎರಡು ಸುತ್ತು: ಅಂಚಿನಲ್ಲಿ ಉದ್ದನೆಯವು ಹಿಡಿಯಲು, ಬಾಯಿಯ ಸುತ್ತ ಗಿಡ್ಡನೆಯವು ಉಣ್ಣಿಸಲು. ಹವಳಗಳಂತೆ ತನ್ನ ಮೈಯೊಳಗೆ ಪಾಚಿಯನ್ನು ಸಾಕಿಕೊಂಡು ಬೆಳಕಿನಿಂದ ಹೊಟ್ಟೆ ಹೊರೆಯುವ ಉಪಾಯ ಇದಕ್ಕೆ ಇಲ್ಲ. ನೀರಿನಲ್ಲಿ ತೇಲಿಬಂದದ್ದನ್ನು ಹಿಡಿದು ತಿನ್ನಬೇಕು. ಬಹುಪಾಲು ರಾತ್ರಿಯ ಹೊತ್ತು ಅರಳುವ ಜೀವ.

ಇಷ್ಟು ತಿಳಿದವರಿಗೆ ನನ್ನ ಮೊದಲ ತಪ್ಪು ಎಲ್ಲಿತ್ತೆಂದು ಆಗಲೇ ಹೊಳೆದಿರಬಹುದು. ನನ್ನ ತೊಟ್ಟಿ ಹವಳದ ತೊಟ್ಟಿ, ಅಂದರೆ ರೀಫ್ ಅಕ್ವೇರಿಯಂ. ಅಲ್ಲಿ ಬಂಡೆ ಹೆಚ್ಚು, ಮರಳು ಕಡಿಮೆ. ಬೆಳಕು ಪ್ರಖರ, ನೀರಿನ ಸೆಳೆತ ಬಿರುಸು. ಹವಳಗಳಿಗೆ ಹಿತವಾದುದೆಲ್ಲವೂ ಈ ಜೀವಕ್ಕೆ ಅಹಿತವಾಗಿತ್ತು. ಎರಡು ಇಂಚು ಮರಳಿನಲ್ಲಿ ನೆಟ್ಟಗೆ ನಿಲ್ಲದ ಕೊಳವೆಯನ್ನು ಎರಡು ಕಲ್ಲುಗಳ ನಡುವೆ ಸಿಕ್ಕಿಸಿ, ‘ಎಷ್ಟು ಚೆನ್ನಾಗಿ ಕಾಣುತ್ತದೆ’ ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮೂರನೆಯ ದಿನ ಅದು ಕೊಳವೆಯನ್ನು ಬಿಟ್ಟು ಹೊರಬಂದಿತ್ತು. ಬೆತ್ತಲೆಯಾದ ಗುಲಾಬಿ ಮೈ ಮರಳಿನ ಮೇಲೆ ಹೊರಳುತ್ತಿತ್ತು. ಅದು ಇಳಿಯಲು ನೆಲ ಹುಡುಕುತ್ತಿದೆ ಎಂದು ನನಗೆ ಅರ್ಥವಾಗಲಿಲ್ಲ. ಹೊಸ ಜಾಗ ನೋಡಿ ಬರಲು ಹೊರಟಿದೆ ಎಂದುಕೊಂಡೆ. ಮತ್ತೆ ಮತ್ತೆ ಕೈಹಾಕಿ ಕೊಳವೆಯೊಳಗೆ ತುರುಕಲು ನೋಡಿದೆ. ಪ್ರತಿ ಸಲವೂ ಆ ತೆಳುಮೈಗೆ ಗಾಯ. ಎಂಟನೆಯ ರಾತ್ರಿ ಅದು ಅಲೆಯುತ್ತಾ ಹೋಗಿ ನೀರೆಳೆಯುವ ಪಂಪಿನ ಬಾಯಿಗೆ ಸಿಕ್ಕಿಕೊಂಡಿತು. ಬಿಡಿಸಿದ ಮೇಲೆ ಮೂರು ದಿನ ಕರಗುತ್ತಾ ಇತ್ತು. ಅದರೊಂದಿಗೆ ನೀರು ಕೆಟ್ಟು ಎರಡು ಮೀನುಗಳೂ ಹೋದವು. ಆಗ ಹತ್ತು ವರ್ಷದವಳಾಗಿದ್ದ ಮಗಳು, ‘ಅದಕ್ಕೆ ಇಲ್ಲಿ ಮನೆಯೇ ಇರಲಿಲ್ಲವಲ್ಲ, ಯಾಕೆ ತಂದೆ?’ ಎಂದಳು. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ.

ಆ ದಿನಗಳಲ್ಲಿ ನಾನು ಯೋಚಿಸಿದ್ದು ಒಂದು ಕ್ರಿಯಾಪದದ ಬಗ್ಗೆ. ಸಾಕುವವರೆಲ್ಲ ಆಡುವ ಮಾತು: ‘ಹೊಂದಿಕೊಳ್ಳುತ್ತದೆ’. ಕನ್ನಡದಲ್ಲಿ ‘ಕೊಳ್ಳು’ ಸೇರಿದೊಡನೆ ಕ್ರಿಯೆಯ ಭಾರ ಕರ್ತೃವಿನ ಹೆಗಲಿಗೆ ಬೀಳುತ್ತದೆ. ಹೊತ್ತುಕೊಳ್ಳು, ನುಂಗಿಕೊಳ್ಳು, ಸಹಿಸಿಕೊಳ್ಳು. ಹೊಂದಿಕೊಳ್ಳಬೇಕಾದದ್ದು ಆ ಜೀವ. ಹೊಂದದಿದ್ದರೆ ತಪ್ಪೂ ಅದರದೇ. ‘ಬಹಳ ನಾಜೂಕಿನ ಜಾತಿ’ ಎಂದು ತೀರ್ಪು ಕೊಟ್ಟು ನಾವು ಕೈತೊಳೆದುಕೊಳ್ಳಬಹುದು. ಇದೇ ಧಾತುವಿಗೆ ಇನ್ನೊಂದು ರೂಪವಿದೆ: ‘ಹೊಂದಿಸು’. ಅಲ್ಲಿ ಕೆಲಸ ಮಾಡಬೇಕಾದವರು ಬೇರೆಯವರು. ಕೊಂಡವರು ನಾವಾಗಿರುವಾಗ ಹೊಂದಿಕೊಳ್ಳುವ ಹೊಣೆ ಅದಕ್ಕೇಕೆ? ‘ಇದು ಹೊಂದಿಕೊಳ್ಳುತ್ತದೆಯೇ’ ಎಂದು ಅಂಗಡಿಯಲ್ಲಿ ಕೇಳುವುದಕ್ಕಿಂತ, ‘ಇದಕ್ಕೆ ಎಲ್ಲವನ್ನೂ ಹೊಂದಿಸಿದ್ದೇನೆಯೇ’ ಎಂದು ಮನೆಯಲ್ಲಿ ಕೇಳಿಕೊಳ್ಳುವುದು ಸರಿಯಾದ ಪ್ರಶ್ನೆ ಎಂಬುದು ನನ್ನ ನಿಲುವು. ಮುಂದೆ ಹೇಳುವುದೆಲ್ಲ ಅದರ ವಿಸ್ತರಣೆ ಅಷ್ಟೇ.

ಈ ತಿಳಿವಳಿಕೆ ಪುಸ್ತಕದಿಂದ ಬಂದದ್ದಲ್ಲ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಹೊಸ ಸಸಿ ಇಡುವ ವರ್ಷ ಅಪ್ಪಯ್ಯ ಸಸಿಯ ಮಾತನ್ನೇ ಎತ್ತುತ್ತಿರಲಿಲ್ಲ. ಮೊದಲು ಬಸಿಗಾಲುವೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಆಮೇಲೆ ಗುಂಡಿ, ಅದಕ್ಕೆ ಬಿಸಿಲು, ನಂತರ ಸೊಪ್ಪು, ಗೊಬ್ಬರ, ಮೇಲ್ಮಣ್ಣು. ಎಳೆಯ ಅಡಿಕೆ ಸಸಿಗೆ ಪಡುವಣ ಬಿಸಿಲು ತಾಗಬಾರದೆಂದು ನೆರಳಿಗೆ ಬಾಳೆಯನ್ನು ಮೊದಲೇ ನೆಟ್ಟಿರಬೇಕು. ಇಷ್ಟೆಲ್ಲ ಆದಮೇಲೆ ಸಸಿ ತರುವ ದಿನ. ಪಕ್ಕದ ಮನೆಯವರು ಒಮ್ಮೆ ಪೇಟೆಯಿಂದ ಸಸಿಗಳನ್ನು ತಂದು ಅಂಗಳದಲ್ಲಿಟ್ಟು ಗುಂಡಿ ತೋಡಿಸಲು ಆಳು ಹುಡುಕುತ್ತಿದ್ದಾಗ ಅಪ್ಪಯ್ಯ ಹೇಳಿದ್ದು ನೆನಪಿದೆ: ‘ಮೊದಲು ಗುಂಡಿ, ಆಮೇಲೆ ಸಸಿ. ಸಸಿ ಕಾಯಬಾರದು, ಗುಂಡಿ ಕಾಯಬೇಕು.’ ಇಂಗ್ಲಿಷ್ ಎಂ.ಎ. ಮಾಡಿದ ಮಗಳಿಗೆ ಈ ಮಾತಿನ ಬೆಲೆ ತಿಳಿಯಲು ಒಂದು ಸಾವು ಬೇಕಾಯಿತು.

ಒಂದೂವರೆ ವರ್ಷದ ಬಳಿಕ ಎರಡನೆಯದನ್ನು ತರುವ ಮುನ್ನ ನಾನು ಗುಂಡಿಯಿಂದ ಆರಂಭಿಸಿದೆ. ಹವಳದ ತೊಟ್ಟಿಗೇ ಮರಳು ಸುರಿಯುವ ಯೋಚನೆಯನ್ನು ಬಿಟ್ಟೆ. ಹಳೆಯ ಮರಳನ್ನು ಕೆದಕಿದರೆ ಅಡಿಯಲ್ಲಿ ಗಾಳಿಯಿಲ್ಲದೆ ಕೂಡಿಕೊಂಡ ವಿಷಾನಿಲ ನೀರಿಗೆ ಸೇರುವ ಭಯವಿರುತ್ತದೆ. ಬೇರೆಯದೇ ತೊಟ್ಟಿಯೊಂದನ್ನು ಮಾಡಿಸಿದೆ. ತಳದಲ್ಲಿ ನಯವಾದ ಮರಳು, ಎಲ್ಲೆಡೆ ಸುಮಾರು ಹದಿನೈದು ಸೆಂಟಿಮೀಟರು. ಒಂದು ಮೂಲೆಯಲ್ಲಿ ಇನ್ನೂ ಆಳ ಬೇಕೆಂದು ಪಿವಿಸಿ ಪೈಪಿನ ತುಂಡೊಂದನ್ನು ಓರೆಯಾಗಿ ಹೂತು ಅದರೊಳಗೂ ಮರಳು ತುಂಬಿದೆ. ಕೊಳವೆಗಿಂತ ಪೈಪು ತುಸು ಅಗಲವಾಗಿರಬೇಕು. ಅಂಚು ಹರಿತವಾಗಿದ್ದರೆ ಉಜ್ಜಿ ನಯಗೊಳಿಸಬೇಕು. ಪಂಪುಗಳ ಬಾಯಿಗೆಲ್ಲ ಸ್ಪಂಜಿನ ಮುಚ್ಚಳ. ನೀರಿನ ಸೆಳೆತ ಎಳೆಗಳು ತೂಗಾಡುವಷ್ಟು, ಮಡಚಿ ಬೀಳುವಷ್ಟಲ್ಲ. ಬೆಳಕು ಮಂದ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಲವಣಾಂಶ ಸಾವಿರಕ್ಕೆ 35ರಷ್ಟು. ಮುಂಬಯಿಯ ಮೇ ತಿಂಗಳಲ್ಲಿ ಈ ಉಷ್ಣತೆಯನ್ನು ಕಾಯಲು ಚಿಲ್ಲರ್ ಬೇಕು. ವಿದ್ಯುತ್ತು ಹೋದರೆ ಪಂಪು ನಡೆಸಲು ಬ್ಯಾಟರಿ ಬೇಕು. ಆ ಖರ್ಚು ಜೀವದ ಬೆಲೆಗಿಂತ ಹಲವು ಪಟ್ಟು. ‘ಬೆಲೆ’ ಎಂದರೆ ಏನೆಂದು ಕೊಳ್ಳುವ ಮುನ್ನವೇ ಲೆಕ್ಕ ಹಾಕಬೇಕು.

ಆ ತೊಟ್ಟಿ ಆರು ತಿಂಗಳು ಖಾಲಿ ನಡೆಯಿತು. ನೋಡಲು ಬಂದವರೆಲ್ಲ ‘ಮೀನೆಲ್ಲಿ?’ ಎನ್ನುತ್ತಿದ್ದರು. ಮರಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಗೊಂಡು, ಅಮೋನಿಯಾ ಮತ್ತು ನೈಟ್ರೈಟು ವಾರ ವಾರವೂ ಸೊನ್ನೆ ತೋರುವವರೆಗೆ ಕಾಯಬೇಕು. ಗುಂಡಿ ಕಾಯಬೇಕು ಎಂದರೆ ಇದೇ.

ತರುವ ದಿನ ಅಂಗಡಿಯಲ್ಲಿ ಆತುರಪಡಲಿಲ್ಲ. ದೇಹದ ಮೇಲೆ ಸೀಳಿಲ್ಲ, ಎಳೆಗಳು ಜೋತುಬಿದ್ದಿಲ್ಲ, ಬೆರಳ ನೆರಳು ಬಿದ್ದಾಗ ಒಳಕ್ಕೆ ಸರಿಯುತ್ತದೆ ಎಂಬುದನ್ನು ನೋಡಿಕೊಂಡೆ. ಕೊಳವೆ ಅರ್ಧ ಹರಿದಿತ್ತು. ಅದು ದೊಡ್ಡ ಕೊರತೆಯಲ್ಲ. ನೆಲ ಸಿಕ್ಕರೆ ಹೊಸದನ್ನು ನೇಯುತ್ತದೆ. ಮನೆಗೆ ತಂದು ತೊಟ್ಟಿಯ ದೀಪ ಆರಿಸಿ, ಚೀಲವನ್ನು ಮುಚ್ಚಿದಂತೆಯೇ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟೆ. ಉಷ್ಣತೆ ಸಮವಾಗಲು ಅಷ್ಟು ಹೊತ್ತು ಬೇಕು. ನಂತರ ಚೀಲದ ನೀರಿನೊಂದಿಗೆ ಅದನ್ನು ಬಕೆಟ್ಟಿಗಿಳಿಸಿ, ಸಣ್ಣ ನಳಿಕೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಟ್ಟೆ; ಒಂದು ಗಂಟೆ. ಲವಣಾಂಶ ಥಟ್ಟನೆ ಬದಲಾದರೆ ಮೈತುಂಬ ನೀರೇ ಆಗಿರುವ ಈ ಜೀವ ತಾಳಲಾರದು. ಕೈಗೆ ಕೈಗವಸು ಹಾಕಿ, ಕೊಳವೆಯ ಸಮೇತ ಅಡಿಯಿಂದ ಆನಿಸಿ ಎತ್ತಿ, ಮರಳಿನಲ್ಲಿ ಬೆರಳಿನಿಂದ ಮಾಡಿದ ಓರೆ ಕುಳಿಯಲ್ಲಿ ಇಳಿಸಿದೆ. ಎಳೆಗಳನ್ನು ಹಿಡಿದು ಎತ್ತಬಾರದು, ಕೊಳವೆಯಿಂದ ಹೊರಗೆಳೆಯಲೇಬಾರದು. ಸುತ್ತ ಮರಳು ಸರಿಸಿ, ಬಾಯಿ ಮಾತ್ರ ಮೇಲಿರುವಂತೆ ಬಿಟ್ಟೆ. ಬಕೆಟ್ಟಿನ ನೀರನ್ನು ತೊಟ್ಟಿಗೆ ಸೇರಿಸದೆ ಚೆಲ್ಲಿದೆ.

ಇನ್ನು ಮುಂದಿನದು ನಿಜವಾಗಿ ಕಷ್ಟದ ಕೆಲಸ: ಏನೂ ಮಾಡದಿರುವುದು. ಮೊದಲ ರಾತ್ರಿ ಅದು ಅರಳಲಿಲ್ಲ. ಎರಡನೆಯ ರಾತ್ರಿಯೂ ಇಲ್ಲ. ಮರಳಿನ ಮೇಲೆ ಬೂದುಬಣ್ಣದ ಒಂದು ಮುಚ್ಚಿದ ತುಟಿ. ಸತ್ತಿದೆಯೋ ಎಂದು ತೆಗೆದು ನೋಡುವ ಆಸೆಯಾಯಿತು. ಸತ್ತಿದ್ದರೆ ವಾಸನೆ ಬರುತ್ತದೆ, ಮೈ ಕರಗಿ ನೂಲುನೂಲಾಗುತ್ತದೆ, ನೀರಿನ ಪರೀಕ್ಷೆಯಲ್ಲಿ ಅಮೋನಿಯಾ ಏರುತ್ತದೆ; ಇವು ಯಾವುವೂ ಇರಲಿಲ್ಲ. ಕೈಕಟ್ಟಿ ಕೂತೆ. ಐದನೆಯ ರಾತ್ರಿ ಹನ್ನೊಂದು ಗಂಟೆಗೆ ಹಜಾರದ ದೀಪವನ್ನೂ ಆರಿಸಿ, ಮಗಳ ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ನೋಡಿದೆವು. ಉದ್ದನೆಯ ನೇರಳೆ ಎಳೆಗಳು ಸುತ್ತಲೂ ಹರಡಿದ್ದವು. ನಡುವಿನ ಗಿಡ್ಡ ಎಳೆಗಳು ಹಸುರು. ಮಗಳು ನನ್ನ ಕೈ ಹಿಡಿದಳು, ಇಬ್ಬರೂ ಮಾತಾಡಲಿಲ್ಲ. ಆಮೇಲಷ್ಟೇ ಊಟದ ಮಾತು: ವಾರಕ್ಕೆ ಮೂರು ನಾಲ್ಕು ಸಲ, ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿಯನ್ನು ಕರಗಿಸಿ ತೊಳೆದು, ಸೂಜಿ ತೆಗೆದ ಸಿರಿಂಜಿನಿಂದ ಎಳೆಗಳ ಮೇಲೆ ಮೆಲ್ಲಗೆ ಬಿಡುವುದು. ಹಿಡಿದಷ್ಟೇ ಅದರ ಪಾಲು. ಉಳಿದದ್ದನ್ನು ಅರ್ಧ ಗಂಟೆಯಲ್ಲಿ ಹೀರಿ ತೆಗೆಯಬೇಕು. ಎರಡು ತಿಂಗಳಲ್ಲಿ ಹರಿದ ಕೊಳವೆಯ ಮೇಲೆ ಹೊಸ ನೇಯ್ಗೆ ಕಾಣಿಸಿತು.

ಹವಳದ ತೊಟ್ಟಿಯಲ್ಲಿ ಇದನ್ನು ಸಾಕಲಾಗದೇ ಎಂದು ಕೇಳುವವರಿದ್ದಾರೆ. ಸಾಕುತ್ತಿರುವವರೂ ಇದ್ದಾರೆ. ತಳದಲ್ಲಿ ಆಳದ ಮರಳಿದ್ದು, ಚಾಚಿದ ಎಳೆ ಎಟುಕುವ ದೂರದಾಚೆಗೆ ಹವಳಗಳನ್ನಿಟ್ಟು, ಸೆಳೆತ ಕಡಿಮೆ ಇರುವ ಮೂಲೆಯನ್ನು ಅದಕ್ಕೇ ಬಿಟ್ಟುಕೊಟ್ಟರೆ ಸಾಧ್ಯ. ಆದರೆ ಅದು ಎಲ್ಲರಿಗೂ ಬಿಗುವಿನ ಸಂಸಾರ. ಇದರ ಕುಟುಕು ತಗುಲಿದ ಹವಳ ಸುಟ್ಟಂತೆ ಬಿಳಿಚುತ್ತದೆ. ರಾತ್ರಿ ತಳದಲ್ಲಿ ಮಲಗುವ ಸಣ್ಣ ಮೀನು, ಸೀಗಡಿಗಳು ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಕೋಡಂಗಿ ಮೀನಿಗೆ ಜೊತೆಯಾಗಲಿ ಎಂದು ಇದನ್ನು ಕೊಳ್ಳುವವರಂತೂ ಪೂರಾ ತಪ್ಪಿದ್ದಾರೆ. ಕಡಲಿನಲ್ಲಿ ಆ ಮೀನುಗಳು ಆಶ್ರಯ ಪಡೆಯುವುದು ಹತ್ತು ಜಾತಿಯ ನಿಜ ಅನಿಮೋನುಗಳಲ್ಲಿ. ಆ ಹತ್ತರಲ್ಲಿ ಇದಿಲ್ಲ. ಹಾಗಾಗಿ ಬೇರೆ ತೊಟ್ಟಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೂಡಿ ಬಾಳಲಾಗದ ಜೀವಗಳನ್ನು ನಮ್ಮ ಕಣ್ಣಿನ ಸುಖಕ್ಕಾಗಿ ಒಂದೇ ಗಾಜಿನೊಳಗೆ ಕೂಡಿಹಾಕಿ ಅದನ್ನು ‘ಸಮತೋಲ’ ಎಂದು ಕರೆಯುವುದು ಸರಿಯಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ. ಇಷ್ಟು ಕಾಳಜಿ ಇದ್ದರೆ ಕಡಲಿನಲ್ಲೇ ಬಿಡಬಾರದೇ, ತರುವುದೇಕೆ? ಈ ಪ್ರಶ್ನೆಯ ಮುಂದೆ ನಾನು ಪೂರ್ತಿ ನಿರಪರಾಧಿಯಲ್ಲ. ಇಂಗ್ಲಿಷ್ ಸಾಹಿತ್ಯ ಓದುವಾಗ ಎಡ್ಮಂಡ್ ಗಾಸ್ ಬರೆದ, 1907ರಲ್ಲಿ ಪ್ರಕಟವಾದ ‘ಫಾದರ್ ಆ್ಯಂಡ್ ಸನ್’ ಎಂಬ ಆತ್ಮಕಥನ ನಮ್ಮ ಕೈಗೆ ಬಂದಿತ್ತು. ಅವನ ತಂದೆ ಫಿಲಿಪ್ ಹೆನ್ರಿ ಗಾಸ್ ಇಂಗ್ಲೆಂಡಿನ ಕಡಲತಡಿಯ ಜೀವಗಳನ್ನು ಮನೆಯ ಗಾಜಿನ ತೊಟ್ಟಿಗೆ ತಂದ ನಿಸರ್ಗಜ್ಞ. 1854ರಲ್ಲಿ ಬಂದ ಅವನ ‘ದಿ ಅಕ್ವೇರಿಯಂ’ ಪುಸ್ತಕ ಓದಿ ಜನ ಮರುಳಾಗಿ ಕಡಲಿಗೆ ಇಳಿದರು. ಬಂಡೆಗಳ ನಡುವಿನ ನೀರಗುಂಡಿಗಳು ಹೇಗೆ ಬರಿದಾದವು, ಅದಕ್ಕೆ ತನ್ನ ಪುಸ್ತಕಗಳೇ ಕಾರಣವಾದವೆಂದು ತಂದೆ ಹೇಗೆ ನೊಂದುಕೊಂಡ ಎಂಬುದನ್ನು ಮಗ ಬರೆದಿದ್ದಾನೆ. ವಿದ್ಯಾರ್ಥಿನಿಯಾಗಿದ್ದಾಗ ಅದನ್ನು ತಂದೆ ಮಕ್ಕಳ ನಡುವಿನ ಧರ್ಮಶ್ರದ್ಧೆಯ ಸಂಘರ್ಷದ ಕಥೆಯಾಗಿ ಓದಿ, ಹಾಗೆಯೇ ಪರೀಕ್ಷೆಯಲ್ಲಿ ಬರೆದಿದ್ದೆ. ಈಗ ಓದಿದರೆ ಕಣ್ಣು ಆ ಬರಿದಾದ ನೀರಗುಂಡಿಗಳ ಮೇಲೆಯೇ ನಿಲ್ಲುತ್ತದೆ. ಫಿಲಿಪ್ ಗಾಸ್ 1859ರಲ್ಲಿ ಒಂದು ಕೊಳವೆ ಅನಿಮೋನಿಗೆ ಸೀರಿಯಾಂಥಸ್ ಲಾಯ್ಡಿಯೈ ಎಂದು ಹೆಸರಿಟ್ಟ. ಲಾಯ್ಡ್ ಎಂದರೆ ಲಂಡನ್ನಿನಲ್ಲಿ ಅಕ್ವೇರಿಯಂ ಸಾಮಗ್ರಿ, ಕಡಲ ಜೀವಗಳನ್ನು ಮಾರುತ್ತಿದ್ದ ವಿಲಿಯಂ ಆಲ್ಫರ್ಡ್ ಲಾಯ್ಡ್. ಮಾರುವವನ ಹೆಸರನ್ನು ಈ ಜೀವ ಇಂದಿಗೂ ಹೊತ್ತುಕೊಂಡಿದೆ.

ಅಂಗಡಿಗೆ ಬರುವ ಕೊಳವೆ ಅನಿಮೋನುಗಳು ಇಂದಿಗೂ ಬಹುತೇಕ ಕಡಲಿನಿಂದ ಕಿತ್ತು ತಂದವುಗಳೇ. ಸಾಕಣೆಯಲ್ಲಿ ಮರಿಮಾಡಿಸಿ ಮಾರುವುದು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ನಮ್ಮ ತೊಟ್ಟಿಯಲ್ಲಿ ಒಂದು ಸತ್ತರೆ ಅದರ ಜಾಗ ತುಂಬಲು ಕಡಲಿನಿಂದ ಇನ್ನೊಂದು ಬರುತ್ತದೆ. ಹನ್ನೊಂದು ದಿನದಲ್ಲಿ ಸತ್ತದ್ದಕ್ಕೂ ಹತ್ತಾರು ವರ್ಷ ಬಾಳಬಲ್ಲದ್ದಕ್ಕೂ ಇರುವ ವ್ಯತ್ಯಾಸ ಇಲ್ಲಿ ಬರಿಯ ಭಾವುಕತೆಯಲ್ಲ. ಕಡಲು ತೆರುವ ಲೆಕ್ಕ. ಸಾಕಬಾರದು ಎನ್ನುವವರ ಮಾತನ್ನು ನಾನು ಗೌರವಿಸುತ್ತೇನೆ. ಸಾಕುತ್ತೇವೆ ಎನ್ನುವವರಿಗೆ ಕನಿಷ್ಠ ಆರು ತಿಂಗಳು ಖಾಲಿ ತೊಟ್ಟಿ ನೋಡುವ ತಾಳ್ಮೆಯಿರಲಿ. ಆ ಆರು ತಿಂಗಳಲ್ಲಿ ಅರ್ಧ ಜನರ ಆಸೆ ತಾನಾಗಿ ತಣಿದೀತು, ಅದೂ ಒಳ್ಳೆಯದೇ.

ಸರಕಾರಿ ಕಡತಗಳ ನಡುವೆ ಬದುಕುವವಳಾದ್ದರಿಂದ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತದೆ. ಕಲ್ಲುಹವಳ, ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳಿಗೆ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. 2020ರಲ್ಲಿ ಮುಂಬಯಿಯ ಕರಾವಳಿ ರಸ್ತೆಗಾಗಿ ವರ್ಲಿ ಮತ್ತು ಹಾಜಿ ಅಲಿ ತೀರದ 18 ಹವಳ ಸಮೂಹಗಳನ್ನು ಬೇರೆಡೆ ಸ್ಥಳಾಂತರಿಸಬೇಕಾಗಿ ಬಂದಾಗ ಅನುಮತಿ ಬೇಕಾಯಿತು, ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ತಜ್ಞರು ಬೇಕಾದರು. ಆ ರಸ್ತೆ ಬೇಕಿತ್ತೇ ಎಂಬ ವಾದ ಬೇರೆ. ಆದರೆ ಬೇರೂರಿದ ಜೀವವನ್ನು ಎತ್ತುವ ಮುನ್ನ ಅದನ್ನು ಇಳಿಸುವ ಜಾಗದ ವಿಚಾರವಾಗಬೇಕು ಎಂಬ ತತ್ತ್ವವನ್ನು ಅಲ್ಲಿ ಕಾನೂನೇ ಒತ್ತಾಯಿಸಿತು. ಕೊಳವೆ ಅನಿಮೋನಿನ ಹೆಸರು ಹಿಡಿದು ಅಂಥ ರಕ್ಷಣೆ ಕೊಟ್ಟದ್ದು ನಾನು ಕಂಡಿಲ್ಲ. ಅದಕ್ಕಾಗಿ ಯಾವ ಕಡತವೂ ತೆರೆಯುವುದಿಲ್ಲ. ಪಾಲಿಥೀನ್ ಚೀಲದಲ್ಲಿ ಕೈಯಿಂದ ಕೈಗೆ ಸಾಗುತ್ತದೆ. ಕಾನೂನು ಕೇಳದಿರುವ ಪ್ರಶ್ನೆಯನ್ನು ಕೊಳ್ಳುವವರು ತಾವೇ ಕೇಳಿಕೊಳ್ಳಬೇಕು.

ಮಿದುಳಿಲ್ಲದ ಒಂದು ಹುಳುವಿನಂಥ ಜೀವಕ್ಕೆ ಇಷ್ಟು ಮಾತೇ ಎಂದು ಬಳಗದ ಹಿರಿಯರೊಬ್ಬರು ನಕ್ಕರು. ನಿಜ, ಅದಕ್ಕೆ ಮಿದುಳಿಲ್ಲ. ನರಗಳ ಒಂದು ಬಲೆಯಿದೆ ಅಷ್ಟೇ. ಆದರೆ ಅದನ್ನು ‘ಸರಳ’ ಎನ್ನಲು ನನಗೆ ಧೈರ್ಯ ಸಾಲದು. ಅದರ ಬಳಗದ ಐಸರಾಕ್ನಾಂಥಸ್ ನಾಕ್ಟರ್ನಸ್ ಎಂಬ ಜಾತಿಯ ಜೀವಕೋಶದಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ 80,923 ಜೋಡಿಗಳಷ್ಟು ಉದ್ದವಿದೆ ಎಂದು 2019ರಲ್ಲಿ ಪ್ರಕಟವಾಯಿತು. ಪ್ರಾಣಿಗಳಲ್ಲಿ ಅದುವರೆಗೆ ತಿಳಿದಿದ್ದವುಗಳಲ್ಲೆಲ್ಲ ಅದೇ ದೊಡ್ಡದು. ನಮ್ಮದು 16,569. ಉದ್ದವಾದ ಮಾತ್ರಕ್ಕೆ ಅದು ನಮಗಿಂತ ಮೇಲಾಗುವುದಿಲ್ಲ. ಆದರೆ ನಮಗೆ ಅರ್ಥವಾಗದ್ದನ್ನೆಲ್ಲ ಕ್ಷುಲ್ಲಕವೆಂದು ತಳ್ಳುವಾಗ ಒಂದು ಕ್ಷಣ ತಡೆಯಲು ಇಂಥ ಸಂಖ್ಯೆ ಸಾಕು. ಅದಕ್ಕೆ ನೋವಾಗುತ್ತದೆಯೇ ಎಂಬುದು ನನಗೆ ತಿಳಿಯದು. ಮುಚ್ಚಿಕೊಂಡಿದೆಯೋ ಅರಳಿದೆಯೋ ಎಂಬುದು ಕಾಣುತ್ತದೆ. ನನ್ನ ನಡವಳಿಕೆಗೆ ಅಷ್ಟು ಆಧಾರ ಸಾಕು.

ಊರು ಬಿಟ್ಟು ಬಂದ ನಾವು ಈ ಕಥೆಯಲ್ಲಿ ನಮ್ಮನ್ನೇ ಕಾಣುವುದು ಸಹಜ. ಬಳಗದ ಸಭೆಯಲ್ಲಿ ಇದನ್ನು ಓದಿದರೆ ಯಾರಾದರೊಬ್ಬರು ಎದ್ದು ‘ಇದು ನಮ್ಮದೇ ರೂಪಕ’ ಎನ್ನುತ್ತಾರೆಂದು ನನಗೆ ಗೊತ್ತು. ಆ ಹೋಲಿಕೆಯನ್ನು ನಾನು ಎಳೆಯಲು ಇಷ್ಟಪಡುವುದಿಲ್ಲ. ನಾವು ಬಂದದ್ದು ನೌಕರಿಗೆ, ಮದುವೆಗೆ, ಹೋಟೆಲಿನ ಕೆಲಸಕ್ಕೆ. ಬೇಡವೆನಿಸಿದಾಗ ಬೇಡವೆನ್ನಲು ಬಾಯಿಯಿತ್ತು, ರೈಲಿತ್ತು. ಮರಳು ಸಾಲದೆಂದು ಆ ಜೀವ ಅರ್ಜಿ ಬರೆಯಲಾರದು. ನಮ್ಮೊಂದಿಗೆ ಹೋಲಿಸಿದರೆ ಅದರ ನಿಸ್ಸಹಾಯಕತೆಯನ್ನೇ ಮರೆಸಿದಂತಾಗುತ್ತದೆ. ಒಂದು ಮಾತು ಮಾತ್ರ ಒಪ್ಪುತ್ತೇನೆ. ‘ಹೊಂದಿಕೊಳ್ಳಿ’ ಎಂದು ಹೇಳಿಸಿಕೊಂಡವರಿಗೆ ಆ ಮಾತಿನ ತೂಕ ಗೊತ್ತಿರುತ್ತದೆ. ಗೊತ್ತಿದ್ದ ನಾನೇ ಅದನ್ನು ಇನ್ನೊಂದು ಜೀವದ ಮೇಲೆ ಹೊರಿಸಿದ್ದೆ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಳೆದ ತಿಂಗಳು ನನ್ನ ವರ್ಗಾವಣೆಯ ಆದೇಶ ಬಂತು; ದಿಲ್ಲಿಗೆ. ಸಾಮಾನುಗಳನ್ನು ಲಾರಿಗೆ ಹೇರಬಹುದು, ಮಗಳನ್ನು ಹೊಸ ಶಾಲೆಗೆ ಸೇರಿಸಬಹುದು. ಕೊಳವೆ ಅನಿಮೋನನ್ನು ಮರಳಿನಿಂದ ಕಿತ್ತು ಸಾವಿರದ ನಾನೂರು ಕಿಲೋಮೀಟರು ಸಾಗಿಸುವ ಧೈರ್ಯ ನನಗಿಲ್ಲ. ಸುದ್ದಿ ತಿಳಿದು ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬ ಬಂದ. ಅವನ ಮನೆಯಲ್ಲಿ ಸುಂದರವಾದ ಹವಳದ ತೊಟ್ಟಿಯಿದೆ. ‘ನನಗೆ ಕೊಡಿ ಮೇಡಂ, ಚೆನ್ನಾಗಿ ನೋಡಿಕೊಳ್ಳುತ್ತೇನೆ’ ಎಂದ. ಮರಳು ಎಷ್ಟಿದೆ ಎಂದು ಕೇಳಿದೆ. ಅವನು ಬೆರಳುಗಳ ನಡುವೆ ಒಂದಂಗುಲ ತೋರಿಸಿ ನಕ್ಕು, ‘ಸೆಟ್ ಹೋ ಜಾಯೇಗಾ’ ಎಂದ.

ಕೊಡುವುದಿಲ್ಲ ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಗಡುಸಾಗಿತ್ತು. ಅವನ ಮುಖ ಸಣ್ಣಗಾಯಿತು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟದ ಬಿಡುವಿನಲ್ಲಿ ಅವನನ್ನು ಕೂರಿಸಿಕೊಂಡು ಮೊದಲನೆಯದರ ಕಥೆ ಹೇಳಿದೆ. ಇಲ್ಲಿ ಬರೆದದ್ದಕ್ಕಿಂತ ತುಸು ಹೆಚ್ಚಾಗಿಯೇ ಹೇಳಿದೆ, ಜರಡಿಯ ವಿಷಯವನ್ನೂ. ಅವನು ಹೆಚ್ಚೇನೂ ಕೇಳಲಿಲ್ಲ. ‘ಪೈಪು ಎಷ್ಟು ಅಗಲದ್ದು?’ ಎಂದು ಮಾತ್ರ ಕೇಳಿದ.

ಆಮೇಲೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅನಿಮೋನನ್ನು ಕಿತ್ತು ಕೊಡುವುದಿಲ್ಲ. ಹದಗೊಂಡ ಮರಳು, ಹೂತ ಪೈಪು ಸಹಿತ ಇಡೀ ತೊಟ್ಟಿಯೇ ಅವನ ಮನೆಗೆ ಹೋಗಬೇಕು. ಅದಕ್ಕೆ ಜಾಗ ಬೇಕು, ಭಾರ ತಾಳುವ ಮೇಜು ಬೇಕು, ಹೆಂಡತಿಯ ಒಪ್ಪಿಗೆ ಬೇಕು. ಮೂರನ್ನೂ ಹೊಂದಿಸಿದ ಮೇಲೆ ಹೇಳು ಎಂದೆ. ನಾನು ಹೊಸ ಹುದ್ದೆಗೆ ಹಾಜರಾಗಲು ಇನ್ನು ಐದು ವಾರಗಳಿವೆ. ನಿನ್ನೆ ಸಂಜೆ ಅವನು ಮೊಬೈಲಿನಲ್ಲಿ ಒಂದು ಚಿತ್ರ ಕಳಿಸಿದ: ಅವನ ಹಜಾರದ ಮೂಲೆ, ಕಬ್ಬಿಣದ ಹೊಸ ಮೇಜು, ಅದರ ಮೇಲೆ ಏನೂ ಇಲ್ಲ. ಅಪ್ಪಯ್ಯನಿಗೆ ಅದನ್ನು ತೋರಿಸಿದ್ದರೆ ಗುಂಡಿ ತೋಡಿ ಆಯಿತಲ್ಲ, ಇನ್ನು ಬಿಸಿಲು ಕಾಯಲಿ ಎನ್ನುತ್ತಿದ್ದರು.